ಕೇಳಿದ ನೀರು, ಅಳೆದ ನೀರು

ಬೆಳಿಗ್ಗೆ ಎಂಟೂಕಾಲಿಗೆ ಅಡಿವೆಯ್ಯ ಹಿರೇಮಠ ಪ್ಯಾಂಟನ್ನು ಮೊಳಕಾಲಿನ ತನಕ ಮಡಚಿಕೊಂಡು ಗಣೇಶಗುಡಿಯಲ್ಲಿ ಕಾಳಿ ನದಿಗೆ ಇಳಿದರು. ಕೈಯಲ್ಲಿ ಹನ್ನೆರಡು ಅಡಿ ಉದ್ದದ ಬಿದಿರಿನ ಕೋಲು. ಅಡಿಗೊಂದರಂತೆ ಕೆಂಪು ಮತ್ತು ಬಿಳಿ ಪಟ್ಟೆ ಬಳಿದದ್ದು, ಪಟ್ಟೆಯ ನಡುವೆ ಬೆರಳಗಲಕ್ಕೊಂದು ಗೀಟು. ಎರಡು ಬಂಡೆಗಳ ಸಂದಿನಲ್ಲಿ ಕೋಲು ಇಳಿಸಿ, ಬಗ್ಗಿ ನೋಡಿ, ಎತ್ತಿ, ನಾಲ್ಕು ಹೆಜ್ಜೆ ಆಚೆ ಹೋಗಿ ಮತ್ತೆ ಇಳಿಸಿದರು. ದಂಡೆಯ ಮೇಲೆ ಹುಬ್ಬಳ್ಳಿ ಕಡೆಯಿಂದ ಬಂದ ಹದಿನಾರು ಪ್ರವಾಸಿಗರು ಕಿತ್ತಳೆ ಬಣ್ಣದ ಜಾಕೆಟ್ ತೊಟ್ಟು ರಬ್ಬರ್ ದೋಣಿಗಳ ಪಕ್ಕದಲ್ಲಿ ಕಾಯುತ್ತಿದ್ದರು.

"ಸಾಹೇಬ್ರ, ಡ್ಯಾಮಿನ ಪವರ್ ಹೌಸಿನಾಂವ ಫೋನ್ ಮಾಡಿ ಹೇಳ್ಯಾನ್ರಿ, ನೀರು ನಿನ್ನಿ ಇದ್ದಷ್ಟ ಐತಿ ಅಂತ," ಎಂದ ಜ್ಯೋತಿಬಾ. ದೋಣಿ ನಡೆಸುವ ಗೈಡುಗಳಿಗೆಲ್ಲ ಅವನೇ ಮುಖ್ಯಸ್ಥ. ನಲವತ್ತೊಂದರ ವಯಸ್ಸು, ಹಳಿಯಾಳದ ಬದಿಯವನು. "ಮಂದಿ ಜಾಕೆಟ್ ಹಾಕ್ಕೊಂಡು ಅರ್ಧಾ ತಾಸಾತು. ಬೆವರು ಸುರದು ನದಿಗೆ ಇನ್ನೊಂದು ಅಡಿ ನೀರು ಬರತೈತಿ ನೋಡ್ರಿ."

"ಅಂವ ಹೇಳಿದ್ದು ಅಂವಗ. ನನಗ ಕೋಲು ಹೇಳಬೇಕು."

"ಕೋಲಿಗೆ ಬಾಯಿ ಐತೇನ್ರಿ?"

"ನಿನಗಿಂತ ಛಲೋ ಐತಿ. ಕೇಳಿದ ನೀರು ನೀರಲ್ಲೋ ಜ್ಯೋತಿಬಾ. ಅಳೆದ ನೀರು ನೀರು."

ಉಳಿದ ಗೈಡುಗಳು ಈ ಮಾತನ್ನು ಅವರ ಜೊತೆಗೇ ಬಾಯಿಪಾಠದಂತೆ ಹೇಳಿ ನಕ್ಕರು. ದಿನಾ ಕೇಳುವ ಮಾತು. ಅಡಿವೆಯ್ಯನವರು ದಂಡೆಗೆ ಬಂದು, ರಟ್ಟು ಹಾಕಿದ ಪುಸ್ತಕದಲ್ಲಿ ತಾರೀಖು, ಗಂಟೆ, ಮೂರು ಕಡೆಯ ಆಳ ಬರೆದು ಸಹಿ ಮಾಡಿದರು. ಆಮೇಲೆ ಸೀಟಿ ಊದಿದರು. ಮೊದಲ ದೋಣಿ ನೀರಿಗೆ ಜಾರಿತು.

ಅವರಿಗೆ ಈಗ ಅರವತ್ತಾರು ವರ್ಷ. ನಲವತ್ತು ವರ್ಷ ಹಡಗು ಮತ್ತು ಬಂದರಿನಲ್ಲಿ ಕಳೆದು ದಾಂಡೇಲಿಗೆ ಹಿಂದಿರುಗಿದವರು. ಗಣೇಶಗುಡಿಯ ಹೋಮ್‌ಸ್ಟೇ ಮಾಲೀಕರು ಸೇರಿ ಮಾಡಿಕೊಂಡ ಸುರಕ್ಷತಾ ಸಮಿತಿ ಆರು ವರ್ಷದ ಹಿಂದೆ ಅವರನ್ನು ಕರೆದುಕೊಂಡು ಬಂತು. ಅವರ ಸಹಿ ಬೀಳದೆ ದೋಣಿ ಬಿಡಬಾರದು ಎಂಬುದು ಸಮಿತಿಯ ನಿಯಮ. ದೋಣಿ ಬಿಡುವ ವಾರದ ಐದು ದಿನವೂ ದಾಂಡೇಲಿಯಿಂದ ಬಸ್ಸಿನಲ್ಲಿ ಬರುತ್ತಾರೆ. ಅವರು ಹುಟ್ಟಿದ್ದು ಜಂಗಮರ ಮನೆಯಲ್ಲಿ. ಈ ಕಡೆ ಅಯ್ಯನವರ ಮಾತು ಎಂದರೆ ಜನ ಹಾಗೇ ನಂಬುತ್ತಾರೆ. ಅದರ ಮೇಲೆ ಹಡಗಿನ ಕ್ಯಾಪ್ಟನ್ ಬೇರೆ. ಹಾಗಾಗಿ ನೀರಿನ ವಿಷಯದಲ್ಲಿ ಅವರನ್ನು ಯಾರೂ ಎರಡನೆಯ ಸಲ ಪ್ರಶ್ನಿಸಿದ್ದಿಲ್ಲ.

ಆ ದಿನ ಅವರ ಅಂಗಿಯ ಜೇಬಿನಲ್ಲಿ ನಾಲ್ಕು ಮಡಿಕೆಯ ಒಂದು ಕಾಗದವಿತ್ತು. ನೈಜೀರಿಯಾದಿಂದ ಬಂದ ಇ-ಮೇಲನ್ನು ದಾಂಡೇಲಿಯ ಝೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ಹಾಕಿಸಿದ್ದು. ಬಂದು ಹನ್ನೊಂದು ದಿನ ಆಗಿತ್ತು. ಉತ್ತರ ಬರೆದಿರಲಿಲ್ಲ.

ಬರೆದವಳ ಹೆಸರು ಇಬಿಮ್ ಬ್ರಿಗ್ಸ್. ಶಾಲೆಯಲ್ಲಿ ಗಣಿತ ಕಲಿಸುವವಳು. ಪತ್ರ ಚಿಕ್ಕದು. ತನ್ನ ತಂದೆ ಕ್ಯಾಪ್ಟನ್ ಸೋಕಾರಿ ಬ್ರಿಗ್ಸ್‌ಗೆ ಎಪ್ಪತ್ತಾರು ವರ್ಷ, ಹಾಸಿಗೆ ಹಿಡಿದಿದ್ದಾರೆ. ಅಲ್ಲಿನ ನಾವಿಕರ ಸಂಘದವರು ಹಿರಿಯ ಕ್ಯಾಪ್ಟನ್‌ಗಳ ಹೆಸರನ್ನು ಗೌರವ ಪಟ್ಟಿಯಲ್ಲಿ ಬರೆಯುತ್ತಾರೆ; ಆದರೆ ವಿಚಾರಣೆಯಲ್ಲಿ ತಪ್ಪಿತಸ್ಥರೆಂದು ದಾಖಲಾದವರ ಹೆಸರು ಬರೆಯುವುದಿಲ್ಲ. ಭಾರತದ ಬಂದರಿನಲ್ಲಿ ತಮ್ಮ ಹಡಗು ನೆಲಕ್ಕೆ ತಾಗಿ ಸಿಕ್ಕಿಕೊಂಡ ದಿನ ಆಗಿದ್ದನ್ನು ತಂದೆ ಇಪ್ಪತ್ತೆರಡು ವರ್ಷದಿಂದ ಒಂದೇ ರೀತಿ ಹೇಳುತ್ತಿದ್ದಾರೆ. ಆ ಹೊತ್ತು ಅವರ ಪಕ್ಕದಲ್ಲಿ ನಿಂತಿದ್ದವರು ನೀವು.

ಕೊನೆಯ ಎರಡು ವಾಕ್ಯಗಳನ್ನು ಅಡಿವೆಯ್ಯನವರು ಬಾಯಿಪಾಠವಾಗುವಷ್ಟು ಸಲ ಓದಿದ್ದರು. 'ನನ್ನ ತಂದೆ ಹೇಳುವುದು ನಿಜವಾಗಿದ್ದರೆ ದಯವಿಟ್ಟು ಒಂದು ಪುಟ ಬರೆದು ಕಳಿಸಿ. ನಿಜವಲ್ಲದಿದ್ದರೆ ಅದನ್ನೂ ಬರೆಯಿರಿ. ನಾನು ಅವರನ್ನು ಕೇಳುವುದನ್ನು ನಿಲ್ಲಿಸುತ್ತೇನೆ.'

ಮಗಳಿಗೂ ಅನುಮಾನವಿತ್ತು. ಅಡಿವೆಯ್ಯನವರಿಗೆ ಆವರೆಗೆ ಹೊಳೆಯದೇ ಇದ್ದ ಸಂಗತಿ ಅದು.

*

ದಾಂಡೇಲಿಯ ಕಾಗದದ ಮಿಲ್ಲಿನಲ್ಲಿ ಅವರ ತಂದೆ ಚನಬಸಯ್ಯ ಬಿದಿರು ಕತ್ತರಿಸುವ ವಿಭಾಗದಲ್ಲಿದ್ದರು. ಧಾರವಾಡದ ಕಡೆಯ ಹಳ್ಳಿಯಿಂದ ಕೆಲಸಕ್ಕೆ ಬಂದು ಮಿಲ್ಲಿನ ಕಾಲೊನಿಯಲ್ಲಿ ಸಂಸಾರ ಹೂಡಿದವರು. ಹುಡುಗ ಅಡಿವೆಯ್ಯ ಕಾಳಿಯಲ್ಲಿ ಈಜು ಕಲಿತ. ಸಮುದ್ರ ನೋಡಿರಲಿಲ್ಲ. ಮ್ಯಾಟ್ರಿಕ್ ಮುಗಿದ ವರ್ಷ ಶಾಲೆಯ ಹೆಡ್‌ಮಾಸ್ತರು ಪೇಪರಿನಲ್ಲಿ ಬಂದಿದ್ದ ಜಾಹೀರಾತು ಕತ್ತರಿಸಿ ಕೊಟ್ಟರು: ಹಡಗಿನ ಅಧಿಕಾರಿಗಳಾಗಲು ಮುಂಬಯಿಯಲ್ಲಿ ತರಬೇತಿ. ಗಣಿತ ಚೆನ್ನಾಗಿತ್ತು, ಕಣ್ಣು ಸರಿಯಿತ್ತು, ಈಜು ಬರುತ್ತಿತ್ತು. ಆಯ್ಕೆಯಾದ.

ತಾಯಿ ಶಂಕ್ರವ್ವನ ಚಿಂತೆ ಬೇರೆಯೇ ಇತ್ತು. "ಅಲ್ಲಿ ಲಿಂಗಪೂಜಿಗೆ ನೀರು ಎಲ್ಲಿಂದ ತರ್ತಿಯೋ?"

"ಸಮುದ್ರ ಅಂದ್ರ ಬರೇ ನೀರ ಬೇ ಯವ್ವಾ."

"ಉಪ್ಪನೀರು ದೇವರಿಗೆ ಆಗತೈತೇನ, ಖೋಡಿ?" ಎಂದು ಬೈದು, ಕಾಳಿಯ ನೀರನ್ನು ಒಂದು ಬಾಟಲಿಗೆ ತುಂಬಿ ಟ್ರಂಕಿನಲ್ಲಿಟ್ಟು ಕಳಿಸಿದರು.

ಸಾವಿರದ ಒಂಬೈನೂರ ಎಪ್ಪತ್ತೊಂಬತ್ತರಲ್ಲಿ, ಇಪ್ಪತ್ತರ ಅಡಿವೆಯ್ಯ ಗ್ರೀಕ್ ಮಾಲೀಕನೊಬ್ಬನ ಸರಕು ಹಡಗನ್ನು ಕೆಡೆಟ್ ಆಗಿ ಹತ್ತಿದಾಗ ಅದರ ಚೀಫ್ ಆಫೀಸರ್ ಸೋಕಾರಿ ಬ್ರಿಗ್ಸ್. ಮೂವತ್ತರ ವಯಸ್ಸು, ತೆಳ್ಳಗೆ, ಮಾತು ಕಡಿಮೆ. ನೈಜರ್ ನದಿ ಕಡಲು ಸೇರುವಲ್ಲಿ ಹಳ್ಳಗಳ ನಡುವಿನ ಊರಿನವರು. ತಾಯಿ ದೋಣಿಯಲ್ಲಿ ಮೀನು ಒಯ್ದು ಮಾರುತ್ತಿದ್ದರು. ಏಳು ವರ್ಷದವರಿದ್ದಾಗ ದೋಣಿಯ ಮುಂದೆ ಕೂತು, ಕೋಲು ಇಳಿಸಿ, ಆಳ ಎಷ್ಟೆಂದು ಕೂಗಿ ಹೇಳುವುದು ಅವರ ಕೆಲಸವಾಗಿತ್ತು. ಅಲ್ಲಿಯ ಹಳ್ಳಗಳ ತಳ ಪ್ರತಿ ಮಳೆಗಾಲಕ್ಕೆ ಬದಲಾಗುತ್ತದೆ. ಹೋದ ವರ್ಷ ಹೋದ ದಾರಿ ಈ ವರ್ಷ ಇರುವುದಿಲ್ಲ.

ಬೆಳಗಿನ ನಾಲ್ಕರಿಂದ ಎಂಟರ ಪಾಳಿ ಇಬ್ಬರದೂ. ಬ್ರಿಗ್ಸ್ ಅವರು ಕೆಡೆಟ್‌ಗೆ ನಸುಕಿನ ನಕ್ಷತ್ರ ನೋಡಿ ಹಡಗು ಎಲ್ಲಿದೆ ಎಂದು ಲೆಕ್ಕ ಹಾಕುವುದನ್ನು ಕಲಿಸಿದರು. ಆಳ ಅಳೆಯುವ ಯಂತ್ರವಿದ್ದರೂ ಹಗ್ಗಕ್ಕೆ ಸೀಸದ ಗುಂಡು ಕಟ್ಟಿ ಇಳಿಸುವುದನ್ನು ಕಲಿಸಿದರು. 'ಕೇಳಿದ ನೀರು ನೀರಲ್ಲ, ಅಳೆದ ನೀರು ನೀರು' ಎಂಬುದು ಅವರ ತಾಯಿಯ ಮಾತಂತೆ. ಸೂರ್ಯ ಹುಟ್ಟುವ ಹೊತ್ತಿಗೆ, "ಆಡಿ, ಹೋಗು. ನಿನ್ನ ಹತ್ತು ನಿಮಿಷ," ಎನ್ನುತ್ತಿದ್ದರು. ಅಡಿವೆಯ್ಯ ಎಂಬ ಹೆಸರು ಅವರ ಬಾಯಲ್ಲಿ ಆಡಿ ಆಗಿತ್ತು. ಅಡಿವೆಯ್ಯ ಕೆಳಗೆ ಕ್ಯಾಬಿನ್ನಿಗೆ ಹೋಗಿ, ಕೊರಳ ಕರಡಿಗೆಯಿಂದ ಲಿಂಗ ತೆಗೆದು ಅಂಗೈಯಲ್ಲಿಟ್ಟು, ಬಾಟಲಿಯ ನೀರು ಒಂದು ಹನಿ ಬಿಟ್ಟು ಪೂಜೆ ಮುಗಿಸಿ ಬರುವ ತನಕ ಕೆಡೆಟ್‌ನ ಕೆಲಸವನ್ನು ಅವರೇ ಮಾಡುತ್ತಿದ್ದರು. ಏನು ಪೂಜೆ, ಯಾಕೆ ಎಂದು ಹದಿನಾಲ್ಕು ತಿಂಗಳಲ್ಲಿ ಒಂದು ಸಲವೂ ಕೇಳಲಿಲ್ಲ.

ಆಮೇಲೆ ಇಬ್ಬರ ಹಡಗುಗಳೂ ಬೇರೆಯಾದವು. ಪತ್ರಗಳಿದ್ದವು. ಅಡಿವೆಯ್ಯನವರು ಮುಂಡಗೋಡ ತಾಲೂಕಿನ ಮಳಗಿಯ ನಿರ್ಮಲಾ ಅವರನ್ನು ಮದುವೆಯಾದರು. ಮಗಳು ರಾಜಶ್ರೀ ಹುಟ್ಟಿದಾಗ ನೈಜೀರಿಯಾದಿಂದ ಒಂದು ಪೊಟ್ಟಣ ಬಂತು: ಚೌಕಳಿಯ ಬಟ್ಟೆ. ಕೂಸು ಹುಟ್ಟಿದರೆ ಅದನ್ನೇ ಹೊದಿಸುವುದು ತಮ್ಮ ಪದ್ಧತಿ ಎಂದು ಬ್ರಿಗ್ಸ್ ಬರೆದಿದ್ದರು. ನಿರ್ಮಲಾ ಬಟ್ಟೆಯ ಅಂಚು ತಿರುವಿ ನೋಡಿದರೆ ಮದ್ರಾಸಿನ ನೇಕಾರರ ಮುದ್ರೆ. ಇಲ್ಲಿಂದ ಹೋದದ್ದು ಇಲ್ಲಿಗೇ ಬಂದಿತ್ತು. ಆ ಬಟ್ಟೆ ಈಗಲೂ ಮನೆಯಲ್ಲಿದೆ.

ಅಡಿವೆಯ್ಯನವರು ಕ್ಯಾಪ್ಟನ್ ಪರೀಕ್ಷೆ ಪಾಸಾಗಿ ನಾಲ್ಕು ವರ್ಷ ಹಡಗು ನಡೆಸಿದರು. ಮನೆಯಿಂದ ದೂರ ಇದ್ದದ್ದು ಸಾಕೆನಿಸಿ, ತೊಂಬತ್ತೆರಡರಲ್ಲಿ ಪಶ್ಚಿಮ ಕರಾವಳಿಯ ಒಂದು ಬಂದರಿಗೆ ಪೈಲಟ್ ಆಗಿ ಸೇರಿದರು. ಬಂದರಿನ ಪೈಲಟ್ ಎಂದರೆ ಆ ಊರಿನ ನೀರು ಬಲ್ಲವನು. ಹೊರಗಿನಿಂದ ಬಂದ ಹಡಗಿನ ಕ್ಯಾಪ್ಟನ್‌ಗೆ ಆ ಬಂದರಿನ ಆಳ, ಸೆಳೆತ, ತಿರುವು ಗೊತ್ತಿರುವುದಿಲ್ಲ. ಪೈಲಟ್ ಸಣ್ಣ ದೋಣಿಯಲ್ಲಿ ಹೋಗಿ ಹಡಗು ಹತ್ತಿ, ಪಕ್ಕದಲ್ಲಿ ನಿಂತು, ಎಡಕ್ಕೆ, ಬಲಕ್ಕೆ, ನಿಧಾನ ಎಂದು ಹೇಳಿ ಹಡಗು ಕಟ್ಟುವ ಧಕ್ಕೆಯವರೆಗೆ ಕರೆತರುತ್ತಾನೆ. ಹಡಗಿನ ದಿನಚರಿಯಲ್ಲಿ ಇದನ್ನು ಬರೆಯುವ ಒಂದು ರೂಢಿಯಿದೆ, ಲೋಕದ ಎಲ್ಲ ಹಡಗುಗಳಲ್ಲೂ ಒಂದೇ: 'ಆಜ್ಞೆ ಕ್ಯಾಪ್ಟನ್‌ನದು, ಸಲಹೆ ಪೈಲಟ್‌ನದು.' ಹೇಳುವವನು ಪೈಲಟ್, ಹಡಗು ಅವನ ಮಾತಿನಂತೆಯೇ ತಿರುಗುತ್ತದೆ. ಆದರೆ ಹೊಣೆ ಕ್ಯಾಪ್ಟನ್‌ನದು.

*

ಎರಡು ಸಾವಿರದ ಮೂರರ ಸೆಪ್ಟೆಂಬರ್. ಮಳೆಗಾಲ ಮುಗಿಯುತ್ತ ಬಂದಿತ್ತು. ಕಲ್ಲಿದ್ದಲು ಹೇರಿದ ಹಡಗೊಂದು ಬೆಳಗಿನ ಭರತಕ್ಕೆ, ಸಮುದ್ರದ ನೀರು ಏರುವ ಹೊತ್ತಿಗೆ, ಒಳಗೆ ಬರಬೇಕಿತ್ತು. ಪಟ್ಟಿಯಲ್ಲಿ ಕ್ಯಾಪ್ಟನ್‌ನ ಹೆಸರು ನೋಡಿ ಅಡಿವೆಯ್ಯನವರು ಬೇರೆ ಪೈಲಟ್‌ನ ಪಾಳಿಯನ್ನು ತಾವೇ ಕೇಳಿ ಪಡೆದರು.

ಹೊರಡುವ ಮುಂಚೆ ಕಚೇರಿಯಲ್ಲಿ ಫೋನ್ ಬಂತು. ಬಂದರಿನ ಆಳ ಅಳೆಯುವ ಸರ್ವೇಯರ್. "ಮೂರನೆಯ ಬೋಯಾದ ತಿರುವಿನಲ್ಲಿ ಹೂಳು ಬಂದು ಕೂತಿದೆ ಸರ್. ಸುಮಾರು ತೊಂಬತ್ತು ಸೆಂಟಿಮೀಟರ್. ಶೀಟ್ ಇನ್ನೂ ತಯಾರಾಗಿಲ್ಲ, ಮಧ್ಯಾಹ್ನ ಕಳಿಸುತ್ತೇನೆ." ಆಯಿತು ಎಂದು ಫೋನ್ ಇಟ್ಟರು. ಆಳ ಬರೆದಿಡುವ ಗೋಡೆಯ ಹಲಗೆಯ ಮೇಲೆ ಹಳೆಯ ಅಂಕಿ ಹಾಗೇ ಇತ್ತು. ಅಳಿಸಲಿಲ್ಲ. ಹೇಳಿದರೆ ಹಡಗನ್ನು ಹೊರಗೇ ನಿಲ್ಲಿಸಿ ಮುಂದಿನ ದೊಡ್ಡ ಭರತಕ್ಕೆ ಕಾಯಿಸಬೇಕಿತ್ತು. ಇಪ್ಪತ್ತು ವರ್ಷದ ಮೇಲೆ ಸಿಗುತ್ತಿರುವ ಗುರುವಿಗೆ ಬಂದರಿನ ಬಾಗಿಲಲ್ಲಿ ನಿಲ್ಲಿರಿ ಎಂದು ಹೇಳುವುದು ಅವರಿಗೆ ಬೇಡವೆನಿಸಿತು. ತಿರುವಿನ ಹೊರ ಅಂಚು ಹಿಡಿದರೆ ದಾಟುತ್ತದೆ ಎಂದುಕೊಂಡರು. ಹನ್ನೊಂದು ವರ್ಷ ದಾಟಿಸಿದ್ದರು.

ಹಡಗು ಹತ್ತಿದಾಗ ಬ್ರಿಗ್ಸ್ ಅಪ್ಪಿಕೊಂಡರು. ಕೂದಲು ಬೆಳ್ಳಗಾಗಿತ್ತು. "ಆಡಿ, ನಿನ್ನ ಹತ್ತು ನಿಮಿಷ ಆಯಿತೇ ಇವತ್ತು?" ಎಂದರು. ನಕ್ಕರು. ಚಹಾ ಬಂತು. ದಾರಿಯ ಗುರುತಿಗೆ ನೀರಿನಲ್ಲಿ ತೇಲಿಬಿಟ್ಟ ಬೋಯಾಗಳಲ್ಲಿ ಎರಡನೆಯದನ್ನು ದಾಟಿದ ಮೇಲೆ ಬ್ರಿಗ್ಸ್ ಕೇಳಿದರು:

"ಮುಂದಿನ ತಿರುವಿನಲ್ಲಿ ಎಷ್ಟು ನೀರಿದೆ?"

"ಹತ್ತು ಮೀಟರ್ ಮೂವತ್ತು." ಹಲಗೆಯ ಮೇಲಿದ್ದ ಅಂಕಿ. ಹಡಗಿನ ತಳ ನೀರಿನೊಳಗೆ ಒಂಬತ್ತೂವರೆ ಮೀಟರ್ ಇಳಿದಿತ್ತು.

ಬ್ರಿಗ್ಸ್ ಆಳ ತೋರಿಸುವ ಯಂತ್ರದ ಕಡೆ ನೋಡಿದರು. "ನನ್ನ ಯಂತ್ರ ಕಡಿಮೆ ತೋರಿಸುತ್ತಿದೆ, ಆಡಿ."

"ಮಳೆಗಾಲದ ಕೆಸರು ನೀರು. ಯಂತ್ರ ಹಾಗೇ ತೋರಿಸುತ್ತದೆ. ನನ್ನನ್ನು ನಂಬಿ."

ಬ್ರಿಗ್ಸ್ ಒಂದು ಕ್ಷಣ ಅವರ ಮುಖ ನೋಡಿ, ಆಗಲಿ ಎಂದು ತಲೆ ಆಡಿಸಿದರು.

ಆರು ನಿಮಿಷದ ಮೇಲೆ ಹಡಗು ನಿಂತಿತು. ಸದ್ದಾಗಲಿಲ್ಲ. ಮೇಜಿನ ಮೇಲಿನ ಚಹಾದ ಕಪ್ಪುಗಳು ಮಾತ್ರ ಒಂದು ಗೇಣು ಮುಂದಕ್ಕೆ ಜಾರಿದವು. ಹತ್ತೊಂಬತ್ತು ತಾಸು ಅದು ಬಂದರಿನ ದಾರಿಗೆ ಅಡ್ಡವಾಗಿ ಕೂತಿತ್ತು. ಯಾರಿಗೂ ಗಾಯವಾಗಲಿಲ್ಲ. ತಳದ ತಗಡುಗಳು ಬಾಗಿದವು.

ವಿಚಾರಣೆಗೆ ಮುಂಚೆ ಮೇಲಧಿಕಾರಿಯೊಬ್ಬರು ಕರೆದು ಹೇಳಿದರು: ಕೇಳಿದ್ದಕ್ಕಷ್ಟೇ ಉತ್ತರ ಕೊಡಿ, ಉಳಿದದ್ದಕ್ಕೆ ಸುಮ್ಮನಿರಿ. ಹೂಳಿನ ವಿಷಯ ತಿಳಿದಿತ್ತೇ ಎಂದು ವಿಚಾರಣೆಯಲ್ಲಿ ಕೇಳಿದರು. "ಸರ್ವೇ ಶೀಟ್ ನನ್ನ ಕೈ ಸೇರಿರಲಿಲ್ಲ," ಎಂದರು ಅಡಿವೆಯ್ಯ. ಅದು ನಿಜ. ಶೀಟ್ ಬಂದದ್ದು ಮಧ್ಯಾಹ್ನವೇ. ಫೋನಿನ ಬಗ್ಗೆ ಯಾರೂ ಕೇಳಲಿಲ್ಲ, ಸರ್ವೇಯರ್‌ನನ್ನು ಕರೆಸಲೂ ಇಲ್ಲ. ಯಂತ್ರ ಕಡಿಮೆ ತೋರಿಸುತ್ತಿದೆ ಎಂದು ಕ್ಯಾಪ್ಟನ್ ಹೇಳಿದರೇ? "ನೆನಪಿಲ್ಲ."

ಬ್ರಿಗ್ಸ್ ಅವರಿಗೆ ಹಾಕಿದ ಪ್ರಶ್ನೆ: ಅನುಮಾನವಿದ್ದರೆ ಹಡಗನ್ನು ಯಾಕೆ ನಿಲ್ಲಿಸಲಿಲ್ಲ?

"ಪೈಲಟ್ ನನ್ನ ಶಿಷ್ಯ," ಎಂದರು ಬ್ರಿಗ್ಸ್.

ಕೂತವರಲ್ಲಿ ಯಾರೋ ನಕ್ಕರು. ದಿನಚರಿಯಲ್ಲಿ ರೂಢಿಯ ಮಾತು ಬರೆದೇ ಇತ್ತು: ಆಜ್ಞೆ ಕ್ಯಾಪ್ಟನ್‌ನದು. ತಪ್ಪು ಕ್ಯಾಪ್ಟನ್‌ನದೆಂದು ದಾಖಲಾಯಿತು. ಹಡಗು ನೋಂದಣಿಯಾದ ದೇಶ ಅವರ ಕ್ಯಾಪ್ಟನ್ ಪ್ರಮಾಣಪತ್ರವನ್ನು ಎರಡು ವರ್ಷ ಅಮಾನತಿನಲ್ಲಿಟ್ಟಿತು. ಕಂಪನಿ ಕೈಬಿಟ್ಟಿತು. ಮೆಟ್ಟಿಲಿಳಿದು ಹೋಗುವಾಗ ಬ್ರಿಗ್ಸ್ ಅಡಿವೆಯ್ಯನವರ ಮುಂದೆಯೇ ಹಾದುಹೋದರು. ನಿಲ್ಲಲಿಲ್ಲ, ಮುಖ ತಿರುಗಿಸಲೂ ಇಲ್ಲ. ಗುರುತಿಲ್ಲದವರನ್ನು ದಾಟುವಂತೆ ದಾಟಿದರು.

ಎರಡು ವರ್ಷದ ಮೇಲೆ ಅಡಿವೆಯ್ಯನವರು ಆ ಬಂದರಿನ ಹಾರ್ಬರ್ ಮಾಸ್ಟರ್, ಎಂದರೆ ಪೈಲಟ್‌ಗಳಿಗೆಲ್ಲ ಮುಖ್ಯಸ್ಥ, ಆದರು. ಹದಿನಾಲ್ಕು ವರ್ಷ ಆ ಕುರ್ಚಿಯಲ್ಲಿದ್ದರು. ಹೊರಡಿಸಿದ ಮೊದಲ ಆದೇಶ, ಆಳದ ವಿಷಯ ಫೋನಿನಲ್ಲಿ ಬಂದರೂ ಆ ಕ್ಷಣವೇ ಹಲಗೆಯ ಮೇಲೆ ಬರೆಯಬೇಕು ಎಂಬುದು. ಒಳ್ಳೆಯ ಅಧಿಕಾರಿ ಎಂಬ ಹೆಸರು ಬಂತು.

ಎರಡು ಸಾವಿರದ ಹನ್ನೊಂದರಲ್ಲಿ ಬಂದರು ಅಧಿಕಾರಿಗಳ ಸಮ್ಮೇಳನವೊಂದರಲ್ಲಿ ನೈಜೀರಿಯಾದವರೊಬ್ಬರು ಸಿಕ್ಕರು. ಬ್ರಿಗ್ಸ್ ಗೊತ್ತೇ ಎಂದು ಅಡಿವೆಯ್ಯನವರು ಅವರನ್ನು ಕೇಳಿದರು. ಗೊತ್ತು. ಊರ ಬದಿಯ ಬಂದರಿನಲ್ಲಿ, ಯಾವ ಹಡಗನ್ನು ಯಾವ ಧಕ್ಕೆಗೆ ಕಟ್ಟಬೇಕೆಂದು ನೋಡುವ ಕೆಲಸದಲ್ಲಿದ್ದಾರೆ. ಮಳೆಗಾಲದಲ್ಲಿ ತಾವೇ ದೋಣಿಯಲ್ಲಿ ಹೋಗಿ ಆಳ ಅಳೆಯುತ್ತಾರೆ, ಕಿರಿಯ ಪೈಲಟ್‌ಗಳಿಗೆ ಪಾಠ ಹೇಳುತ್ತಾರೆ. ಹಾರ್ಬರ್ ಮಾಸ್ಟರ್ ಹುದ್ದೆಗೆ ಮೂರು ಸಲ ಅರ್ಜಿ ಹಾಕಿದರು. ಮೂರು ಸಲವೂ ಆ ಹಳೆಯ ಕಡತ ಹೊರಗೆ ಬಂತು. ಅಡಿವೆಯ್ಯನವರು ಕೇಳಿಸಿಕೊಂಡರು. ತಮ್ಮ ವಿಸಿಟಿಂಗ್ ಕಾರ್ಡ್ ಕೊಟ್ಟು, ನನ್ನ ನಮಸ್ಕಾರ ತಿಳಿಸಿ ಎಂದರು. ಅದರ ಮೇಲೆ 'ಹಾರ್ಬರ್ ಮಾಸ್ಟರ್' ಎಂದು ಅಚ್ಚಾಗಿತ್ತು. ರಾತ್ರಿ ರೈಲಿನಲ್ಲಿ ಅದು ನೆನಪಾದಾಗ ಕಾರ್ಡ್ ವಾಪಸು ತೆಗೆದುಕೊಳ್ಳುವ ಹಾಗಿರಲಿಲ್ಲ.

*

ಇ-ಮೇಲ್ ಬಂದ ಹನ್ನೊಂದನೆಯ ದಿನ ಗಣೇಶಗುಡಿಯಿಂದ ಮನೆಗೆ ಬಂದು ಊಟಕ್ಕೆ ಕೂತಾಗ ಅಡಿವೆಯ್ಯನವರು ಹೆಂಡತಿಗೆ ಎಲ್ಲ ಹೇಳಿದರು. ನಿರ್ಮಲಾ ರೊಟ್ಟಿಯ ಬುಟ್ಟಿಯನ್ನು ಮುಚ್ಚಿ ಪಕ್ಕಕ್ಕಿಟ್ಟರು.

"ಇಪ್ಪತ್ತೆರಡು ವರ್ಷ ಆತ್ರಿ. ನನಗ ಒಂದ ಮಾತು ಹೇಳಬೇಕನಸಲಿಲ್ಲ?"

"ಹೇಳಿದ್ರ ನೀ ಬರೀ ಅಂತಿದ್ದಿ."

"ಅಂತಿದ್ನಿ. ಅದಕ್ಕ ಹೇಳಲಿಲ್ಲೇನು?" ಮುಚ್ಚಿದ ಬುಟ್ಟಿಯ ಮೇಲೆ ಕೈ ಊರಿ, "ಆ ಮನಷ್ಯಾ ನಮ್ಮ ಕೂಸಿಗೆ ಅರಿವಿ ಕಳಿಸಿದ್ದಾ," ಎಂದರು. "ಅವನ ಕೂಸು ಈಗ ಅಪ್ಪ ಖರೇ ಹೇಳ್ತಾನೋ ಸುಳ್ಳೋ ಅಂತ ನಿಮ್ಮನ್ನ ಕೇಳಾಕತ್ತೈತಿ. ಇಷ್ಟು ದಿನಾ ಕಿಸೇದಾಗ ಇಟ್ಕೊಂಡು ಅಡ್ಡಾಡೀರಿ."

"ಬರದ್ರ ಗಣೇಶಗುಡಿ ಕೆಲಸಾ ಬಿಡಬೇಕಾಗತೈತಿ. ನೀರಿನ ವಿಷಯದಾಗ ಸುಳ್ಳು ಹೇಳಿದಾಂವನ ಸಹಿ ಯಾಂವ ನಂಬ್ತಾನ?"

"ನಂಬೂದಿಲ್ಲ. ಹೌದು." ನಿರ್ಮಲಾ ಬುಟ್ಟಿ ಮತ್ತೆ ತೆರೆದರು. "ಈಗ ಉಣ್ರಿ. ನಾಳೆ ಬರೀರಿ."

ಮರುದಿನ ಅವರು ಒಂದು ಪುಟ ಬರೆದರು. ಅದನ್ನು ಅಫಿಡವಿಟ್ ಮಾಡಿಸಲು ದಾಂಡೇಲಿಯಲ್ಲೇ ನೋಟರಿಗಳಿದ್ದರು. ಅಡಿವೆಯ್ಯನವರು ಬಸ್ಸು ಹಿಡಿದು ಹಳಿಯಾಳಕ್ಕೆ ಹೋದರು. ದಾಂಡೇಲಿಯಲ್ಲಿ ಎಲ್ಲರೂ ಗುರುತಿನವರು.

ಹಳಿಯಾಳದ ನೋಟರಿ ವಕೀಲ ಸಾತಪ್ಪ ಕನ್ನಡಕ ಏರಿಸಿ ಪುಟ ಓದಿದರು. "ಅಯ್ಯಾರ, ಜಮೀನಂದಲ್ಲ, ಮನೀದಲ್ಲ. ಇಂಥಾದ್ದು ನಾನು ನೋಡೇ ಇಲ್ಲ. ಇದರಾಗ ನಿಮಗೇನು ಸಿಗತೈತಿ?"

"ಏನೂ ಇಲ್ರಿ."

"ಮತ್ತ ಯಾಕ ಬರೀತೀರಿ?"

"ತಡಾ ಆಗೇತಿ. ಅದಕ್ಕ."

ಸಾತಪ್ಪ ಮುದ್ರೆ ಒತ್ತಿದರು.

ಪುಟವನ್ನು ಸ್ಕ್ಯಾನ್ ಮಾಡಿಸಿ ಇಬಿಮ್‌ಗೆ ಕಳಿಸಿದರು. ಮೂಲ ಪ್ರತಿಯನ್ನು ಅಂಚೆಗೆ ಹಾಕಿದರು. ಅದರಲ್ಲಿ ಹೀಗಿತ್ತು: ಆ ದಿನ ಬೆಳಿಗ್ಗೆ ಸರ್ವೇಯರ್ ಫೋನ್ ಮಾಡಿ ಹೂಳಿನ ವಿಷಯ ತಿಳಿಸಿದ್ದರು, ಕ್ಯಾಪ್ಟನ್ ಬ್ರಿಗ್ಸ್ ಆಳದ ಬಗ್ಗೆ ಕೇಳಿದಾಗ ನಾನು ಹಳೆಯ ಅಂಕಿ ಹೇಳಿದೆ, ಯಂತ್ರ ಕಡಿಮೆ ತೋರಿಸುತ್ತಿದೆ ಎಂದು ಅವರು ಎಚ್ಚರಿಸಿದರು, ನಾನು ನಂಬಿ ಎಂದೆ, ವಿಚಾರಣೆಯಲ್ಲಿ ಇವನ್ನು ಮುಚ್ಚಿಟ್ಟೆ.

ಇನ್ನೊಂದು ಪ್ರತಿಯನ್ನು ಗಣೇಶಗುಡಿಗೆ ಒಯ್ದರು. ಸಮಿತಿಯ ಅಧ್ಯಕ್ಷ ಸಂಜೀವಕುಮಾರ ಹೋಮ್‌ಸ್ಟೇ ನಡೆಸುವವರು. ಚಹಾ ಅಂಗಡಿಯ ಬೆಂಚಿನ ಮೇಲೆ ಅವರೂ ಗೈಡುಗಳೂ ಕೂತಿದ್ದಾಗ ಅಡಿವೆಯ್ಯನವರು ಕಾಗದ ಕೊಟ್ಟು, ಇಂಗ್ಲಿಷಿನಲ್ಲಿದ್ದುದನ್ನು ತಾವೇ ಕನ್ನಡದಲ್ಲಿ ಹೇಳಿದರು.

ಸಂಜೀವಕುಮಾರ ಕಾಗದವನ್ನು ಬೇಗ ಮಡಚಿದರು. "ಎಂಥಾ ಹಳೇ ಕತಿ ತೆಗೀತೀರಿ ಕ್ಯಾಪ್ಟನ್ನರ. ಇಲ್ಲಿ ಯಾರಿಗೆ ಗೊತ್ತಾಗತೈತಿ? ಸುಮ್ನಿರ್ರಿ."

"ಅವತ್ತೂ ಒಬ್ರು ಹಿಂಗ ಹೇಳಿದ್ರು. ಸುಮ್ನ ಇದ್ನಿ."

ಜ್ಯೋತಿಬಾ ಚಹಾದ ಗ್ಲಾಸು ಕೆಳಗಿಟ್ಟ. "ಸಾಹೇಬ್ರ, ಹಂಗಾರ ಇಷ್ಟು ವರ್ಷ ದಿನಾ ಮುಂಜಾನೆ ಬೈತಿದ್ರಲ್ಲ, ಕೇಳಿದ ನೀರು, ಅಳೆದ ನೀರು ಅಂತ. ಅದು ನಮಗಲ್ಲೇನ್ರಿ?"



ಮುಂದಿನ ವಾರ ಸಮಿತಿ ಸೇರಿತು. ಅವರನ್ನು ಬಿಡಿಸಲಿಲ್ಲ. ಆದರೆ ಇನ್ನು ಮುಂದೆ ಪುಸ್ತಕದಲ್ಲಿ ಎರಡು ಸಹಿ ಇರಬೇಕು ಎಂದು ತೀರ್ಮಾನವಾಯಿತು: ಅವರು ಅಳೆದ ಮೇಲೆ ಜ್ಯೋತಿಬಾ ಮತ್ತೊಮ್ಮೆ ಕೋಲು ಇಳಿಸಿ ನೋಡಿ ಸಹಿ ಹಾಕಬೇಕು. ಮೊದಲ ದಿನ ಜ್ಯೋತಿಬಾ ಸಂಕೋಚದಿಂದ ಕೋಲನ್ನು ಸುಮ್ಮನೆ ನೀರಿಗೆ ತಾಗಿಸಿ ಎತ್ತಿದ. "ನೆಲಕ್ಕ ಮುಟ್ಟಸು," ಎಂದರು ಅಡಿವೆಯ್ಯ. "ನನ್ನ ಮಾರಿ ನೋಡಬ್ಯಾಡ. ಕೋಲು ನೋಡು." ಅವನು ಮತ್ತೆ ಇಳಿಸಿದ. ಎರಡು ಬೆರಳಿನಷ್ಟು ವ್ಯತ್ಯಾಸ ಬಂತು. ಅವನು ನೋಡಿದ್ದನ್ನೇ ಬರೆಸಿದರು.

ಇಬಿಮ್‌ಳ ಉತ್ತರ ಬಂದದ್ದು ಒಂಬತ್ತು ದಿನದ ಮೇಲೆ. ಅದರಲ್ಲಿ ಬೈಗುಳ ಇರಬಹುದೆಂದೂ, ಕ್ಷಮೆ ಇರಬಹುದೆಂದೂ ಅಡಿವೆಯ್ಯನವರು ಯೋಚಿಸಿದ್ದರು. ಎರಡೂ ಇರಲಿಲ್ಲ.

'ತಂದೆಗೆ ಓದಿ ಹೇಳಿದೆ. ಎರಡು ಸಲ ಓದಿಸಿದರು. ಆಮೇಲೆ ಕೇಳಿದರು: ಫೋನ್ ಬಂದದ್ದು ಎಷ್ಟು ಗಂಟೆಗೆ? ಬೆಳಿಗ್ಗೆ ಎಂದಷ್ಟೇ ಬರೆದಿದ್ದಾನೆ. ಹಡಗು ಹತ್ತುವುದಕ್ಕೆ ಮುಂಚೆ ಬಂದಿತ್ತೋ, ಹಡಗು ಸಿಕ್ಕಿಕೊಂಡ ಮೇಲೆ ಬಂದಿತ್ತೋ ಎಂದು ಸಂಘದವರು ಕೇಳುತ್ತಾರೆ. ಸಮಯ ಬರೆಯದ ದಿನಚರಿ ದಿನಚರಿಯಲ್ಲ, ಆಡಿಗೆ ಇದನ್ನು ನಾನೇ ಕಲಿಸಿದ್ದೆ, ಎಂದರು.'

ಅಡಿವೆಯ್ಯನವರು ತಮ್ಮ ಪ್ರತಿ ತೆಗೆದು ನೋಡಿದರು. 'ಆ ದಿನ ಬೆಳಿಗ್ಗೆ.' ನಲವತ್ತಾರು ವರ್ಷದಿಂದ, ಕಾಳಿಯ ದಂಡೆಯಲ್ಲಿ ಕೂಡ, ಗಂಟೆ ನಿಮಿಷ ಬರೆಯದೆ ಅವರು ಒಂದು ಸಾಲೂ ಬರೆದಿರಲಿಲ್ಲ. ಇದೊಂದರಲ್ಲಿ ಬಿಟ್ಟಿದ್ದರು. ಬೇಕೆಂದು ಬಿಟ್ಟದ್ದಲ್ಲ ಎಂದು ನಿರ್ಮಲಾ ಮುಂದೆ ಹೇಳಲು ಹೋಗಿ, ಅರ್ಧಕ್ಕೇ ನಿಲ್ಲಿಸಿದರು. ಸಮಯ ಅವರಿಗೆ ಯಾವತ್ತೂ ಮರೆತಿರಲಿಲ್ಲ. ಫೋನ್ ಇಟ್ಟು ಗೋಡೆಯ ಗಡಿಯಾರ ನೋಡಿದ್ದರು: ಐದು ಗಂಟೆ ನಲವತ್ತು ನಿಮಿಷ. ಪೈಲಟ್ ದೋಣಿ ಹೊರಟದ್ದು ಆರು ಹತ್ತಕ್ಕೆ. ನಡುವೆ ಅರ್ಧ ತಾಸಿತ್ತು. ಹಲಗೆಯ ಮೇಲಿನ ಅಂಕಿ ಅಳಿಸಿ ಬರೆಯಲು ಅರ್ಧ ನಿಮಿಷ ಸಾಕಿತ್ತು.

ಸೋಮವಾರ ಗಣೇಶಗುಡಿಗೆ ಹೋಗಲಿಲ್ಲ; ಅವತ್ತೊಂದು ದಿನಕ್ಕೆ ಸಮಿತಿಯ ಒಪ್ಪಿಗೆ ಪಡೆದಿದ್ದರು, ಕೋಲು ಜ್ಯೋತಿಬಾ ಒಬ್ಬನೇ ಇಳಿಸಿದ. ಅಡಿವೆಯ್ಯನವರು ದಾಂಡೇಲಿಯ ನೋಟರಿಯ ಹತ್ತಿರವೇ ನಡೆದುಕೊಂಡು ಹೋದರು. ಬಾಗಿಲಲ್ಲಿ ಮಿಲ್ಲಿನ ಕಾಲೊನಿಯ ಇಬ್ಬರು ಸಿಕ್ಕು ಏನು ಕೆಲಸ ಎಂದು ಕೇಳಿದರು. ಹೇಳಿದರು. ಎರಡನೆಯ ಅಫಿಡವಿಟ್‌ನಲ್ಲಿ ಫೋನ್ ಬಂದ ಸಮಯ, ದೋಣಿ ಹೊರಟ ಸಮಯ, ಬ್ರಿಗ್ಸ್ ಎಚ್ಚರಿಸಿದ ಸಮಯ, ಹಡಗು ನಿಂತ ಸಮಯ ನಾಲ್ಕೂ ಇವೆ. ಅದನ್ನು ಅಂದೇ ಇಬಿಮ್‌ಗೆ ಕಳಿಸಿದರು.

ಗೌರವ ಪಟ್ಟಿ ತೀರ್ಮಾನಿಸುವ ನಾವಿಕರ ಸಂಘದ ಸಭೆ ಬರುವ ತಿಂಗಳು ಹದಿನಾಲ್ಕಕ್ಕೆ. ಕ್ಯಾಪ್ಟನ್ ಬ್ರಿಗ್ಸ್ ಅವರಿಗೆ ಈಗ ಎದ್ದು ಕೂರಲು ಆಗುವುದಿಲ್ಲ. ಅಡಿವೆಯ್ಯನವರ ಅಫಿಡವಿಟ್ಟನ್ನು ಸಭೆಯಲ್ಲಿ ಇಬಿಮ್ ಓದುತ್ತಾಳೆ.